ಸಕ್ಕರೆ ಕಾಯಿಲೆಯ ಬೇರು ಹುಡುಕಿದವರು

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಯಾಕೆ ಬರುತ್ತವೆ ಎಂದು ಇವತ್ತು ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಕೂತು ತಿನ್ನುತ್ತಾರೆ, ನಡೆಯುವುದಿಲ್ಲ, ಬೇಕರಿ ತಿಂಡಿ ಬಿಡುವುದಿಲ್ಲ, ಮೊಬೈಲ್ ನೋಡುತ್ತ ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟೇ ಸತ್ಯ ಎಂದುಕೊಂಡಾಗ ರೋಗಿ ಅಪರಾಧಿಯಾಗುತ್ತಾನೆ, ಚಿಕಿತ್ಸೆ ಬುದ್ಧಿವಾದವಾಗುತ್ತದೆ. ಹೆಜ್ಜೆ ಎಣಿಸುವ ಗಡಿಯಾರ, ತಿಂಗಳುಗಟ್ಟಲೆಯ ಶುಲ್ಕದ ಶಿಬಿರ, ಸಿರಿಧಾನ್ಯದ ದುಬಾರಿ ಪೊಟ್ಟಣ ಎಲ್ಲವೂ ದುಡ್ಡು, ಬಿಡುವು ಎರಡೂ ಇರುವವರನ್ನು ಉದ್ದೇಶಿಸಿದವು. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಅವುಗಳಲ್ಲಿ ಒಂದೂ ಒದಗುವುದಿಲ್ಲ. ಸಮುದಾಯ ವೈದ್ಯಶಾಸ್ತ್ರದಲ್ಲೇ ವೃತ್ತಿಯ ಬಹುಕಾಲ ಕಳೆದ ನನ್ನಂಥವರನ್ನು ಇದಕ್ಕಿಂತ ಹೆಚ್ಚಾಗಿ ಕಾಡುವ ಸಂಗತಿ ಇನ್ನೊಂದಿದೆ. ಈ ಕಾಯಿಲೆಗಳ ಬೇರು ಹುಡುಕುವ ಕೆಲಸದಲ್ಲಿ ಜಗತ್ತು ಗಮನಿಸಿದ ಒಂದು ಅಧ್ಯಾಯ ನಡೆದದ್ದು ಮೈಸೂರಿನಲ್ಲಿ. ಅದನ್ನು ಬಲ್ಲ ಕನ್ನಡಿಗರು ಬಹಳ ಕಡಿಮೆ.

ಈ ಹುಡುಕಾಟದ ಮೊದಲ ಹಂತಗಳನ್ನು ಬೇಗ ದಾಟಬಹುದು. 1907ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಉಷ್ಣವಲಯದ ಮಧುಮೇಹದ ಬಗ್ಗೆ ಚರ್ಚೆ ನಡೆದಾಗ, ಕಲ್ಕತ್ತೆಯ ಓದುಬರಹ ಬಲ್ಲ ಬಾಬುಗಳ ಕುಳಿತ ಬದುಕು ಮತ್ತು ಊಟದ ಕಡೆಗೇ ಬೆರಳು ತೋರಿಸಲಾಗಿತ್ತು. ಈಗಿನ ವಾಟ್ಸಾಪ್ ಉಪದೇಶ ಅದಕ್ಕಿಂತ ಹೆಚ್ಚು ದೂರ ಸಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ವಿಷಯ ಗಟ್ಟಿಯಾದ ನೆಲೆಗೆ ಬಂತು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಹೃದ್ರೋಗದ ದೀರ್ಘ ಅಧ್ಯಯನ ಆರಂಭವಾಯಿತು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಕೆಲಸಗಾರರನ್ನು ಹೋಲಿಸಿ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚು ಎಂದರು. ವ್ಯಾಯಾಮದ ಬಗ್ಗೆ ಮಾತಾಡುವವರೆಲ್ಲ ಇದನ್ನು ಉಲ್ಲೇಖಿಸುತ್ತಾರೆ. ಮೂರು ವರ್ಷ ಬಿಟ್ಟು ಅದೇ ಮಾರಿಸ್ ಸಮವಸ್ತ್ರಗಳ ಅಳತೆ ತೆಗೆಸಿ, ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪವಿತ್ತು ಎಂದು ತೋರಿಸಿದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಸ್ಟೀರಿಂಗ್ ಹಿಡಿಯುವ ಮೊದಲೇ ಆ ಮೈಗೆ ಏನೋ ಆಗಿತ್ತು. ಕಾಯಿಲೆಯ ಬೇರು ಎಷ್ಟು ಹಿಂದಿನದು ಎಂಬ, ನಮ್ಮ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಆಗಲೇ ಎದ್ದಿತ್ತು. ಅದನ್ನು ಕೈಗೆತ್ತಿಕೊಳ್ಳಲು ಇನ್ನೂ ಮೂರು ದಶಕ ಬೇಕಾಯಿತು.

ಭಾರತದಲ್ಲಿ ಎಣಿಕೆಯ ಕೆಲಸ ದೊಡ್ಡ ಪ್ರಮಾಣದಲ್ಲಿ ಮೊದಲಾದದ್ದು ಎಪ್ಪತ್ತರ ದಶಕದಲ್ಲಿ. 1972ರಿಂದ 1975ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಸಮೀಕ್ಷೆಯಲ್ಲಿ ಪಟ್ಟಣದವರಲ್ಲಿ ಶೇ 2.1, ಹಳ್ಳಿಯವರಲ್ಲಿ ಶೇ 1.5 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂತು. ಆಮೇಲೆ ಚೆನ್ನೈ ಮುಂದಾಳಾಯಿತು. ಅಲ್ಲಿನ ಮಧುಮೇಹ ತಜ್ಞ ಎ. ರಾಮಚಂದ್ರನ್ ಅವರ ತಂಡ 2000ದಲ್ಲಿ ಆರು ಮಹಾನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಕಾಯಿಲೆಯ ಪ್ರಮಾಣ ಶೇ 12 ದಾಟಿತ್ತು, ಬೆಂಗಳೂರಿನದು ಶೇ 12.4. ಅಳತೆಯ ಮಾನದಂಡ ನಡುವೆ ಬದಲಾಗಿದ್ದರಿಂದ ಎಪ್ಪತ್ತರ ಅಂಕಿಯ ಪಕ್ಕ ಇದನ್ನು ನೇರವಾಗಿ ಇಟ್ಟು ನೋಡುವಂತಿಲ್ಲ, ಆದರೂ ಏರಿಕೆ ದಿಟ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜು ದೇಶದಲ್ಲಿ 10.1 ಕೋಟಿ ಸಕ್ಕರೆ ಕಾಯಿಲೆಯವರು, ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ. ಪತ್ರಿಕೆಗಳೆಲ್ಲ ಈ ದೊಡ್ಡ ಸಂಖ್ಯೆಯನ್ನು ತಲೆಬರಹ ಮಾಡಿದವು. ಅದೇ ಅಧ್ಯಯನ 2017ರಲ್ಲಿ ಹೇಳಿದ್ದ ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮುಂದುವರಿದ ರಾಜ್ಯಗಳ ಪಟ್ಟಣಗಳಲ್ಲಿ ಈ ಕಾಯಿಲೆ ಸ್ಥಿತಿವಂತರಿಗಿಂತ ಬಡವರಲ್ಲೇ ಹೆಚ್ಚಾಗತೊಡಗಿದೆ ಎಂಬುದು ಆ ಮಾತು. ಶ್ರೀಮಂತರ ಕಾಯಿಲೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಮುಗಿಯಬೇಕಿತ್ತು.

ಈಗ ಮೈಸೂರಿನ ಕಡೆಗೆ.

ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ ಒಂದು ವಿಚಿತ್ರ ನಕ್ಷೆಯ ಮುಂದೆ ನಿಂತಿದ್ದರು. ಇಂಗ್ಲೆಂಡಿನಲ್ಲಿ ಹೃದ್ರೋಗದ ಸಾವು ಹೆಚ್ಚಿದ್ದ ಜಾಗಗಳು ಸಿರಿವಂತ ಊರುಗಳಾಗಿರಲಿಲ್ಲ, ಎಷ್ಟೋ ದಶಕಗಳ ಹಿಂದೆ ಕೂಸುಗಳು ಹೆಚ್ಚಾಗಿ ಸತ್ತಿದ್ದ ಬಡ ಊರುಗಳಾಗಿದ್ದವು. ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರು ಬರೆದಿಟ್ಟ ಕೂಸುಗಳ ತೂಕದ ಪುಸ್ತಕಗಳು ಸಿಕ್ಕವು. ಕಡಿಮೆ ತೂಕದ ಕೂಸುಗಳಾಗಿದ್ದವರೇ ದೊಡ್ಡವರಾದ ಮೇಲೆ ಹೃದ್ರೋಗದಿಂದ ಹೆಚ್ಚು ಸಾಯುತ್ತಿದ್ದರು ಎಂದು 1989ರಲ್ಲಿ ಬಾರ್ಕರ್ ಪ್ರಕಟಿಸಿದಾಗ ನಗಾಡಿದವರೇ ಹೆಚ್ಚು. ಗರ್ಭದಲ್ಲಿ ಕೊರತೆ ಕಂಡ ದೇಹ ಅಷ್ಟರಲ್ಲೇ ಬದುಕಲು ಒಗ್ಗಿಕೊಳ್ಳುತ್ತದೆ, ಮುಂದೆ ಸಮೃದ್ಧಿ ಎದುರಾದಾಗ ಅದನ್ನು ಸಂಭಾಳಿಸಲಾರದು ಎಂಬುದು ವಾದದ ತಿರುಳು.

ಹಾಗಾದರೆ ಕಡಿಮೆ ತೂಕದ ಕೂಸುಗಳೇ ಹೆಚ್ಚಿರುವ ಭಾರತದಲ್ಲಿ ಏನು? ಅದನ್ನು ನೋಡಲು ಹಳೆಯ ಹೆರಿಗೆ ದಾಖಲೆ ಬೇಕು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಅಂಥದ್ದಿತ್ತು. ಊರವರು ಮಿಷನ್ ಆಸ್ಪತ್ರೆ ಎನ್ನುವ ಅಲ್ಲಿ 1934ರಿಂದಲೂ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಯಾವ ಸಂಶೋಧನೆಯ ಆಸೆಯೂ ಇಲ್ಲದೆ, ಮಾಡಬೇಕಾದ ಕೆಲಸ ಎಂದು ಮಾಡಿದ ದಾಖಲೆ ಅದು. ಬಾರ್ಕರ್ ಅವರ ಸಹೋದ್ಯೋಗಿ ಕೆರೊಲಿನ್ ಫಾಲ್ ಮತ್ತು ಅವರ ಜೊತೆಗಾರರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, ಅಲ್ಲೇ ಹುಟ್ಟಿ ಅಲ್ಲೇ ನೆಲೆಸಿದವರನ್ನು ಪತ್ತೆಹಚ್ಚಿದರು. 1934ರಿಂದ 1954ರೊಳಗೆ ಹುಟ್ಟಿದ್ದ 517 ಗಂಡಸರು, ಹೆಂಗಸರು ಸಿಕ್ಕರು. 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗ, 3.1 ಕಿಲೋ ಮೀರಿದವರಲ್ಲಿ ಶೇ 3 ಮಾತ್ರ. ಬಾರ್ಕರ್ ವಾದ ಮೈಸೂರಿನಲ್ಲಿ ನಿಂತಿತು.

ನಿಜವಾದ ಹೊಳಹು ಬಂದದ್ದು ಎರಡು ವರ್ಷದ ನಂತರ, ವಾದ ಪೂರ್ತಿ ಹೊಂದದೇ ಹೋದಾಗ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು ಇಂಗ್ಲೆಂಡಿನ ಹಾದಿ ಹಿಡಿಯಲಿಲ್ಲ. ಇಲ್ಲಿ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಲ್ಲಿ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೇ ಬಸುರಿನಲ್ಲಿ ಸಕ್ಕರೆ ಏರಿತ್ತೇನೋ, ಆ ಕಾಲದಲ್ಲಿ ಪರೀಕ್ಷೆ ಇರಲಿಲ್ಲವಾದ್ದರಿಂದ ಗೊತ್ತಾಗಿರಲಿಲ್ಲವೇನೋ ಎಂಬ ಊಹೆ ಹುಟ್ಟಿತು. ಅಲ್ಲಿಂದ ಚಿತ್ರ ಪೂರ್ತಿ ಬದಲಾಯಿತು. ಚಿಕ್ಕಂದಿನಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿ, ಮದುವೆಯಾಗಿ ಪಟ್ಟಣದ ಊಟಕ್ಕೆ ಬಂದಾಗ ಅವಳ ಮೇದೋಜೀರಕ ಗ್ರಂಥಿ ಬಸುರಿನ ಹೊರೆ ತಾಳಲಾರದು. ಏರಿದ ಸಕ್ಕರೆ ಹೊಟ್ಟೆಯಲ್ಲಿರುವ ಕೂಸಿನಲ್ಲಿ ಕೊಬ್ಬಾಗಿ ಸೇರುತ್ತದೆ. ಆ ಕೂಸು ಹೆಣ್ಣಾದರೆ ಅದೇ ಕತೆ ಮುಂದಿನ ತಲೆಮಾರಿಗೂ ಸಾಗುತ್ತದೆ.

ಊಹೆಯನ್ನು ಒರೆಗೆ ಹಚ್ಚಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಆರಂಭಿಸಿದರು. ಜಿ.ವಿ. ಕೃಷ್ಣವೇಣಿ ಮತ್ತು ಮೈಸೂರಿನ ತಂಡ ಆ ಮಕ್ಕಳನ್ನು ಬಾಲ್ಯ, ಹದಿವಯಸ್ಸು ದಾಟುವವರೆಗೂ ಬೆನ್ನುಬಿಡದೆ ನೋಡಿಕೊಂಡು ಬಂತು. ನಮ್ಮ ದೇಶದಲ್ಲಿ ಇದಕ್ಕಿಂತ ತಾಳ್ಮೆಯ ಕೆಲಸವನ್ನು ನಾನು ಕಂಡಿಲ್ಲ. ಬಸುರಿಯರಲ್ಲಿ ಶೇ 6.2 ಮಂದಿಗೆ ಸಕ್ಕರೆ ಏರಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬು ಹೆಚ್ಚಿತ್ತು, ಒಂಬತ್ತೂವರೆ ವರ್ಷ ಆಗುವಷ್ಟರಲ್ಲಿ ಗಂಡುಮಕ್ಕಳಲ್ಲೂ. ತಾಯಂದಿರ ಗತಿ ಇನ್ನೂ ಕಳವಳದ್ದು. ಹೆರಿಗೆಯಾಗಿ ಐದು ವರ್ಷದೊಳಗೆ, ಬಸುರಿನಲ್ಲಿ ಸಕ್ಕರೆ ಏರಿದ್ದವರ ಪೈಕಿ ಶೇ 37 ಮಂದಿ ಸಕ್ಕರೆ ಕಾಯಿಲೆಯವರಾಗಿದ್ದರು. ಏರದಿದ್ದವರಲ್ಲಿ ಶೇ 2.

ಇದೇ ಹೊತ್ತಿಗೆ ಪುಣೆಯ ಕೆಇಎಂ ಆಸ್ಪತ್ರೆಯ ಸಿ.ಎಸ್. ಯಾಜ್ಞಿಕ್ ಆರು ಹಳ್ಳಿಗಳ ಬಸುರಿಯರ ನಡುವೆ ಕೆಲಸ ಮಾಡುತ್ತಿದ್ದರು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನವು 3.5 ಕಿಲೋ. ಸ್ನಾಯು, ಹೊಟ್ಟೆಯೊಳಗಿನ ಅಂಗ ಎಲ್ಲದರಲ್ಲೂ ನಮ್ಮ ಕೂಸು ಸಣ್ಣದು, ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹೆಚ್ಚುಕಡಿಮೆ ಸರಿಸಮ. ಸಪೂರವಾಗಿ ಕಾಣುವ ಮೈಯಲ್ಲಿ ಹುಟ್ಟಿನಿಂದಲೇ ಕೊಬ್ಬಿನ ಪಾಲು ಹೆಚ್ಚು. ತೆಳ್ಳಗಿದ್ದೇನೆ, ನನಗೇಕೆ ಬಂತು ಎಂದು ಕೇಳುವ ರೋಗಿಗೆ ಕೊಡಬಹುದಾದ ಉತ್ತರ ಇದು. ಹಳ್ಳಿಯ ಆ ಅಧ್ಯಯನ ಬಿ12 ಜೀವಸತ್ವದ ಕೊರತೆಯನ್ನೂ ಎತ್ತಿ ತೋರಿಸಿತು. ತಾಯಿಯಲ್ಲಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 2004ರಲ್ಲಿ ದೆಹಲಿಯಿಂದ ಬಂದ ವರದಿ ಇನ್ನೊಂದು ಎಳೆ ಸೇರಿಸಿತು. ಎರಡು ವರ್ಷದವರೆಗೆ ಬಡಕಲಾಗಿದ್ದು, ಆಮೇಲೆ ಒಂದೇ ಸಮನೆ ತೂಕ ಏರಿಸಿಕೊಂಡ ಮಕ್ಕಳೇ ದೊಡ್ಡವರಾಗಿ ಸಕ್ಕರೆ ಕಾಯಿಲೆಗೆ ಹೆಚ್ಚಾಗಿ ಸಿಕ್ಕಿದ್ದರು.

ಕಾಯಿಲೆಯ ಬೇರನ್ನು ಗರ್ಭದಲ್ಲಿ ಹುಡುಕುವ ನಮ್ಮ ಈ ಪಂಥದ ಮೇಲೆ ಒಂದು ಆಕ್ಷೇಪ ಇದೆ: ಎಲ್ಲವೂ ಹುಟ್ಟಿನಲ್ಲೇ ತೀರ್ಮಾನವಾದರೆ ವ್ಯಾಯಾಮ, ಪಥ್ಯ ಯಾಕೆ? ಹಾಗೆಂದು ಯಾರೂ ಹೇಳಿಲ್ಲ. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಊಟ ಮತ್ತು ನಡಿಗೆಯ ಮಾರ್ಗದರ್ಶನ ಕೊಟ್ಟಾಗ ಕಾಯಿಲೆಗೆ ಬೀಳುವ ಸಾಧ್ಯತೆ ಶೇ 28.5ರಷ್ಟು ತಗ್ಗಿತು. ಇದು ದೊಡ್ಡ ಸಾಧನೆ. ಆದರೆ ಆ ಮಾರ್ಗದರ್ಶನವನ್ನು ಪಾಲಿಸಲು ನಡೆಯುವುದಕ್ಕೊಂದು ಫುಟ್‌ಪಾತ್ ಬೇಕು, ತರಕಾರಿ ಕೊಳ್ಳುವಷ್ಟು ಕೂಲಿ ಬೇಕು. ಪಡಿತರದಲ್ಲಿ ಪಾಲಿಶ್ ಅಕ್ಕಿ, ಅಂಗಡಿಯಲ್ಲಿ ಅಗ್ಗದ ತಾಳೆ ಎಣ್ಣೆ ಇಟ್ಟು, ತಟ್ಟೆ ಬದಲಿಸಿ ಎಂದು ಕೂಲಿಯವರಿಗೆ ಹೇಳುವುದು ನ್ಯಾಯವಲ್ಲ. ರಾಗಿಯನ್ನು ಔಷಧಿಯೆಂದು ಮಾರುವವರು ಇನ್ನೊಂದನ್ನೂ ಹೇಳಬೇಕು. ಹಿಂದೆ ಮುದ್ದೆ ಉಂಡವರು ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದು ಅದನ್ನು ಕರಗಿಸುತ್ತಿದ್ದರು. ನುಣ್ಣಗೆ ಬೀಸಿದ ಯಾವ ಹಿಟ್ಟೇ ಆದರೂ ಕೂತವರ ರಕ್ತದಲ್ಲಿ ಬೇಗ ಸಕ್ಕರೆಯಾಗುತ್ತದೆ.

ಮುಂಬೈಯ ಕೊಳೆಗೇರಿಗಳಲ್ಲಿ 2006ರಲ್ಲಿ ಆರಂಭವಾದ ಪ್ರಯೋಗ ಬಸುರಿನ ಆರೈಕೆ, ಊಟದ ಬದಲಾವಣೆ ಎಂಬ ಎರಡು ದಾರಿಗಳನ್ನು ಸೇರಿಸಿತು ಎಂಬುದು ನನ್ನ ಅಭಿಪ್ರಾಯ. ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಹೆಂಗಸರಿಗೆ ಬಸುರಿಗೆ ಮೊದಲಿಂದಲೇ ದಿನಾ ಕೊಟ್ಟರು. ಒಟ್ಟಾರೆ ಕೂಸುಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಹಾಗಾಗಿ ಸುದ್ದಿಯಾಗಲಿಲ್ಲ. ಆದರೆ ಬಸುರಿನಲ್ಲಿ ಸಕ್ಕರೆ ಏರಿದವರು ಈ ತಿಂಡಿ ತಿಂದ ಗುಂಪಿನಲ್ಲಿ ಶೇ 7.3, ಇನ್ನೊಂದು ಗುಂಪಿನಲ್ಲಿ ಶೇ 12.4. ಯಾರಿಗೂ ಉಪದೇಶ ಮಾಡದೆ, ಒಂದು ಒಳ್ಳೆಯ ತಿಂಡಿಯಿಂದ ಆದದ್ದು ಇದು.

ಸರ್ಕಾರದ ಕತೆ ಚಿಕ್ಕದು. 1987ರಲ್ಲಿ, ಏಳನೆಯ ಪಂಚವಾರ್ಷಿಕ ಯೋಜನೆಯಲ್ಲಿ, ಮಧುಮೇಹ ನಿಯಂತ್ರಣ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಆರಂಭಿಸಿದ ಕೆಲವೇ ಜಿಲ್ಲೆಗಳಲ್ಲಿ ಕರ್ನಾಟಕದವೂ ಇದ್ದವು. ಹಣ ಬರಲಿಲ್ಲ, ಅದು ಬೆಳೆಯಲಿಲ್ಲ. 2010ರಲ್ಲಿ ನೂರು ಜಿಲ್ಲೆಗಳೊಂದಿಗೆ ರಾಷ್ಟ್ರೀಯ ಕಾರ್ಯಕ್ರಮ ಮರುಹುಟ್ಟು ಪಡೆಯಿತು. ಮೂವತ್ತು ವರ್ಷ ದಾಟಿದವರ ತಪಾಸಣೆ ಈಗ ಆಶಾ ಕಾರ್ಯಕರ್ತೆಯರ ಮೂಲಕ ಮನೆಬಾಗಿಲಿಗೆ ಬಂದಿದೆ. ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯೂ ಅದೇ ದಿಕ್ಕಿನದು, ಸ್ವಾಗತಾರ್ಹ.

ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ಕಂದಕವಿದೆ. ಬಸುರಿಯರ ದಾಖಲೆಯಾದ ತಾಯಿ ಕಾರ್ಡಿನ ವ್ಯವಸ್ಥೆ ಬಾಣಂತಿಯ ಆರನೆಯ ವಾರಕ್ಕೆ ಕೈಬಿಡುತ್ತದೆ. ಸಾಂಕ್ರಾಮಿಕವಲ್ಲದ ಕಾಯಿಲೆಗಳ (ಎನ್‌ಸಿಡಿ) ವ್ಯವಸ್ಥೆ ಮೂವತ್ತನೆಯ ವಯಸ್ಸಿಗೆ ಕೈಹಿಡಿಯುತ್ತದೆ. ಇಪ್ಪತ್ತೆರಡಕ್ಕೆ ಹೆರಿಗೆಯಾದ, ಬಸುರಿನಲ್ಲಿ ಸಕ್ಕರೆ ಏರಿದ್ದ ಹೆಣ್ಣುಮಗಳನ್ನು ನಡುವಿನ ಎಂಟು ವರ್ಷ ಯಾರೂ ನೋಡುವುದಿಲ್ಲ. ಮೈಸೂರಿನ ಶೇ 37 ಇರುವುದು ಆ ಕಂದಕದಲ್ಲಿ. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಬೇಕೆಂಬ ರಾಷ್ಟ್ರೀಯ ಮಾರ್ಗಸೂಚಿ 2014ರಿಂದಲೂ ಇದೆ. ಆದರೆ ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ಹೆಸರು ಗಂಡನ ಮನೆಯ ಆರೋಗ್ಯ ಕೇಂದ್ರದಲ್ಲಿರುತ್ತದೆ.

ಕೂಸಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಲು ಮಾತ್ರ ಬಾಣಂತಿ ತವರಿನ ಕೇಂದ್ರಕ್ಕೆ ತಪ್ಪದೆ ಬರುತ್ತಾಳೆ. ಅದೇ ಬೆಳಿಗ್ಗೆ ಅವಳಿಗೂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಿ, ಫಲಿತಾಂಶವನ್ನು ಕೂಸಿನ ಕಾರ್ಡಿನಲ್ಲೂ ಎನ್‌ಸಿಡಿ ಪುಸ್ತಕದಲ್ಲೂ ಬರೆಯಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಮೂವತ್ತರ ವಯೋಮಿತಿ ಅನ್ವಯಿಸದು ಎಂಬ ಒಂದು ಆದೇಶ, ತಾಯಿ-ಮಗು ವಿಭಾಗವೂ ಎನ್‌ಸಿಡಿ ವಿಭಾಗವೂ ಒಂದೇ ದಾಖಲೆ ನೋಡುವಂಥ ಏರ್ಪಾಡು, ಇವೆರಡು ಸಾಕು. ಮೈಸೂರು ಜಿಲ್ಲೆಯಿಂದಲೇ ಇದನ್ನು ಆರಂಭಿಸಬಹುದು.