ದನಿಗೂ ಬಾಡಿಗೆ ಇತ್ತು

ಹಾಡುವ ಗಂಟಲು ಬಡವನಿಗೂ ಇರುತ್ತದೆ. ಹಾಡಿದ್ದನ್ನು ಉಳಿಸುವ ಯಂತ್ರ ಯಾರ ಕೈಯಲ್ಲಿತ್ತು? ಸಂಗೀತದ ಚರಿತ್ರೆ ಬರೆಯುವವರು ಈ ಪ್ರಶ್ನೆ ಕೇಳೋದು ಕಡಿಮೆ. ಪ್ರತಿಭೆ, ಸಾಧನೆ ಅಂತ ಮಾತಾಡಿ ಸುಮ್ಮನಾಗುತ್ತಾರೆ.

ಲಂಡನ್ನನ್ನೇ ತಗೊಳ್ಳಿ. 1931ರಲ್ಲಿ ಗ್ರಾಮಫೋನ್ ಕಂಪನಿ ಅಲ್ಲಿನ ಆ್ಯಬಿ ರೋಡಿನಲ್ಲಿ ದೊಡ್ಡ ಸ್ಟುಡಿಯೋ ತೆರೆಯಿತು. ಅಂಥ ಕಡೆ ಕಾಲಿಡಬೇಕಾದರೆ ಕಂಪನಿ ಒಪ್ಪಬೇಕು, ಇಲ್ಲಾ ಬಾಡಿಗೆ ತೆರಬೇಕು. ಎರಡೂ ಆಗದವರ ಹಾಡು ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಸಾಯುತ್ತಿತ್ತು.

ಈ ಬೀಗ ಒಂದೇ ಏಟಿಗೆ ಒಡೆಯಲಿಲ್ಲ. 1979ರಲ್ಲಿ ಜಪಾನಿನ ಟ್ಯಾಸ್ಕಾಮ್ ಕಂಪನಿ, ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ದನಿಗಳನ್ನು ಬೇರೆ ಬೇರೆ ಮುದ್ರಿಸಿ ಕೂಡಿಸುವ ಪುಟ್ಟ ಯಂತ್ರ ತಂದಿತು. 1983ರಲ್ಲಿ ಬಂದ ಮಿಡಿ ಅನ್ನೋ ಏರ್ಪಾಡಿನಿಂದ ಬೇರೆ ಬೇರೆ ಕಂಪನಿಯ ವಾದ್ಯಗಳೂ ಕಂಪ್ಯೂಟರೂ ಒಂದೇ ಭಾಷೆ ಆಡತೊಡಗಿದವು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್, ಸ್ಟುಡಿಯೋದ ದುಬಾರಿ ಪೆಟ್ಟಿಗೆಗಳ ಕೆಲಸವನ್ನು ಕಂಪ್ಯೂಟರಿನೊಳಗೇ ಮಾಡುವ ದಾರಿ ತೋರಿತು. ಆ ದಶಕ ಮುಗಿಯುವ ಹೊತ್ತಿಗೆ ಬೆಲ್ಜಿಯಂನಿಂದ ಫ್ರೂಟಿಲೂಪ್ಸ್ ಬಂತು. ಪಿಯಾನೊ ಪಾಠ ಬೇಡ. ತೆರೆಯ ಮೇಲಿನ ಚೌಕಗಳನ್ನು ಒತ್ತಿದರೆ ತಾಳ ಏಳುತ್ತದೆ. ಕಾಸಿಲ್ಲದ ಹುಡುಗರು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡರು.

ಇದನ್ನೆಲ್ಲ ಹಿಡಿದು ಎದ್ದವರು ಯಾರು? ಪೂರ್ವ ಲಂಡನ್ನಿನ ಕರಿಯರ, ದುಡಿಯುವವರ ಮಕ್ಕಳು. ಬೋ ಎಂಬಲ್ಲಿ ಸರ್ಕಾರಿ ಬಾಡಿಗೆ ಮನೆಗಳ ಸಾಲು. ತಲೆ ಎತ್ತಿದರೆ ಕೆನರಿ ವಾರ್ಫಿನ ಬ್ಯಾಂಕುಗಳ ಗೋಪುರ ಕಣ್ಣಿಗೆ ರಾಚುತ್ತದೆ. ಆ ಗೋಪುರದ ದುಡ್ಡು ಈ ಮನೆಗಳಿಗೆ ಇಳಿಯಲಿಲ್ಲ. ಇಲ್ಲೇ 2000ದ ದಶಕದ ಮೊದಲ ವರ್ಷಗಳಲ್ಲಿ ಗ್ರೈಮ್ ಅನ್ನೋ ಸಂಗೀತ ಹುಟ್ಟಿತು. ನಿಮಿಷಕ್ಕೆ ಸುಮಾರು 140 ಬಡಿತ, ಅದರ ಮೇಲೆ ಉರಿಯುವ ಮಾತು.

ಡಿಜ್ಜಿ ರಾಸ್ಕಲ್ ಆ ಬೀದಿಯ ಹುಡುಗ. ತಾಯೊಬ್ಬಳೇ ಸಾಕಿದ ಮಗ. ಶಾಲೆಯಿಂದ ಶಾಲೆಗೆ ಹೊರದಬ್ಬಿಸಿಕೊಂಡವನು. ಕೊನೆಗೆ ಸಂಗೀತದ ಕ್ಲಾಸೊಂದೇ ಅವನನ್ನು ಒಳಗೆ ಬಿಟ್ಟುಕೊಂಡಿತು. ಅಲ್ಲಿನ ಕಂಪ್ಯೂಟರಿನಲ್ಲಿ ಅವನು ಹಾಡು ಕಟ್ಟಲು ಕಲಿತ. 2003ರಲ್ಲಿ ಅವನ ಮೊದಲ ಆಲ್ಬಂ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಾಗ ಅವನಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಹಳ್ಳಿ ಶಾಲೆಯ ಮೇಷ್ಟರುಗಳು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಯಂತ್ರ ಸಿಕ್ಕಿತು ಅಂದ ಮಾತ್ರಕ್ಕೆ ಅಧಿಕಾರ ಸುಮ್ಮನಿರುತ್ತದೆಯೇ? ಹಾಡು ಜನಕ್ಕೆ ಮುಟ್ಟಿಸಲು ಹುಡುಗರು ಎತ್ತರದ ಕಟ್ಟಡಗಳ ತಾರಸಿಯಲ್ಲಿ ಲೈಸೆನ್ಸಿಲ್ಲದೆ ಏರಿಯಲ್ ನೆಟ್ಟರು. ಹಾಗೆ 1994ರಲ್ಲಿ ಶುರುವಾದ ರಿನ್ಸ್ ಎಫ್‌ಎಂಗೆ ಲೈಸೆನ್ಸ್ ಸಿಕ್ಕಿದ್ದು 2010ರಲ್ಲಿ. ಲಂಡನ್ ಪೊಲೀಸರು 2005ರಲ್ಲಿ 696 ಎಂಬ ನಂಬರಿನ ಫಾರಂ ತಂದರು. ಕಾರ್ಯಕ್ರಮ ನಡೆಸುವವರು ಹಾಡುವವರ ಹೆಸರು, ವಿಳಾಸ, ಫೋನ್ ನಂಬರು ಬರೆದುಕೊಡಬೇಕು. ಕೇಳಲು ಬರುವವರು ಯಾವ ಜನಾಂಗದವರು ಅನ್ನೋ ಪ್ರಶ್ನೆಯೂ ಮೊದಮೊದಲು ಅದರಲ್ಲಿತ್ತು! ಕೇಳುವ ಕಿವಿಗೂ ಜಾತಿ ಸರ್ಟಿಫಿಕೇಟು. ಪ್ರತಿಭಟನೆ ನಿಲ್ಲಲಿಲ್ಲ. 2017ರಲ್ಲಿ ಆ ಫಾರಂ ರದ್ದಾಯಿತು.

ಅಷ್ಟರಲ್ಲಿ ಹಾಡು ದೂರ ಹೋಗಿತ್ತು. ನೈಜೀರಿಯಾದಿಂದ ಬಂದ ಕುಟುಂಬದ ಸ್ಕೆಪ್ಟಾ 2014ರಲ್ಲಿ ಬರೀ 80 ಪೌಂಡಿನಲ್ಲಿ ಮಾಡಿದ ವಿಡಿಯೋ ಪ್ರಶಸ್ತಿ ಪಡೆಯಿತು. ತಮ್ಮನ ಜೊತೆ ಕಟ್ಟಿದ ಸ್ವಂತ ಲೇಬಲ್ಲಿನಿಂದ ತಂದ ಆಲ್ಬಮ್ಮಿಗೆ 2016ರ ಮರ್ಕ್ಯುರಿ ಬಂತು. ದೊಡ್ಡ ಕಂಪನಿಯ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ.

ಈ ಚರಿತ್ರೆ ನಮಗೆ ದೂರದ್ದಲ್ಲ ಗೆಳೆಯರೇ. ದನಿ ಮುದ್ರಿಸಿ ತಿದ್ದುವ ಆಡಾಸಿಟಿ 2000ದಿಂದಲೂ ಪುಕ್ಕಟೆ ಸಿಗುತ್ತಿದೆ. ಹಳೇ ಕಂಪ್ಯೂಟರು, ಒಂದು ಮೈಕು ಸಾಕು. ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಮಾರ್ದನಿ ತಗ್ಗುತ್ತದೆ. ಇಷ್ಟಿದ್ದೂ ಊರ ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿದ್ದರೆ, ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕೇಳಲೇಬೇಕು.