ಅಕ್ಕಸಾಲೆಯ ಮನೆಯೂ ಅರಸಿನ ಅಪ್ಪಣೆಯೂ

ಮನೆಯೊಳಗೆ ಕುಳಿತು ನಡೆಸುವ ಕಸುಬಿಗೆ ರಾಜ್ಯದ ಅಪ್ಪಣೆ ಬೇಕೆಂಬ ವಿಧಿಯು ಎಷ್ಟರಮಟ್ಟಿಗೆ ಹಳೆಯದು, ಎಷ್ಟರಮಟ್ಟಿಗೆ ಹೊಸದು ಎಂಬುದನ್ನು ವಿಚಾರಿಸುವುದಕ್ಕೆ ಅಕ್ಕಸಾಲೆಗಳ ವೃತ್ತಿಯು ಒಳ್ಳೆಯ ನಿದರ್ಶನವಾಗಿದೆ.

'ಅಕ್ಕಸಾಲೆ' ಎಂಬುದು ಸಂಸ್ಕೃತದ 'ಅಕ್ಷಶಾಲಾ' ಶಬ್ದದ ತದ್ಭವವೆಂದು ವಿದ್ವಾಂಸರು ಹೇಳುವರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಕ್ಷಶಾಲೆಯೆಂದರೆ ವ್ಯಕ್ತಿಯಲ್ಲ, ಸ್ಥಳ. ಸುವರ್ಣಾಧ್ಯಕ್ಷನ ಅಧೀನದಲ್ಲಿ ಒಂದೇ ಬಾಗಿಲುಳ್ಳ ಅರಸನ ಕಾರ್ಯಾಗಾರ. ನಿಯುಕ್ತನಲ್ಲದವನು ಅದನ್ನು ಹೊಗಕೂಡದು; ಕೆಲಸಗಾರರು ಒಳಹೋಗುವಾಗಲೂ ಹೊರಬರುವಾಗಲೂ ಅವರ ಬಟ್ಟೆ ಕೈಗಳನ್ನು ಶೋಧಿಸತಕ್ಕದ್ದು. ಕನ್ನಡದಲ್ಲಾದರೋ ಈ ಶಬ್ದವು ಅರಸನ ಗೋಡೆಗಳನ್ನು ಬಿಟ್ಟು ಮನುಷ್ಯನನ್ನು ಆಶ್ರಯಿಸಿತು. ಚಿನ್ನದ ಕೆಲಸ ಮಾಡುವವನೇ ಅಕ್ಕಸಾಲೆಯಾದನು; ಅವನ ಮನೆಯ ಜಗಲಿಯೇ ಅವನ ಶಾಲೆಯಾಯಿತು.

ನಮ್ಮ ಶಾಸನಗಳಲ್ಲಿ ಮನೆಗಸುಬುಗಳ ಮೇಲಣ ತೆರಿಗೆಗಳು ಧಾರಾಳವಾಗಿ ಕಾಣಬರುತ್ತವೆ. ಮಗ್ಗದೆರೆ, ಗಾಣದೆರೆ ಎಂಬ ಹೆಸರುಗಳೇ ತಿಳಿಸುವಂತೆ ಅಲ್ಲಿ ಎಣಿಕೆಗೆ ಬಂದುದು ಉಪಕರಣ. ಮಗ್ಗವಿದ್ದುದರಿಂದ ತೆರೆ ಬಂದಿತೇ ಹೊರತು ತೆರೆಯಿಂದ ಮಗ್ಗ ಬರಲಿಲ್ಲ. ಕಸುಬು ಮೊದಲು, ರಾಜ್ಯದ ಕೈ ಆಮೇಲೆ ಎಂಬ ಕ್ರಮವನ್ನು ಈ ಹೆಸರುಗಳು ಸೂಚಿಸುವುವು.

ಈ ಕ್ರಮವು ತಲೆಕೆಳಗಾದುದು 1963ರಲ್ಲಿ. ಚೀಣಾ ಯುದ್ಧಾನಂತರ, ಚಿನ್ನದ ಬಳಕೆಯನ್ನೂ ಕಳ್ಳಸಾಗಣೆಯನ್ನೂ ತಗ್ಗಿಸುವುದಕ್ಕಾಗಿ, ಭಾರತ ಸರಕಾರವು ಆ ವರ್ಷದ ಜನವರಿಯಲ್ಲಿ ಚಿನ್ನದ ಹತೋಟಿಯ ನಿಯಮಗಳನ್ನು ಹೊರಡಿಸಿತು. ಆಗ ಮೊರಾರ್ಜಿ ದೇಸಾಯಿಯವರು ಅರ್ಥಸಚಿವರಾಗಿದ್ದರು. ಹೊಸ ಆಭರಣಗಳು 14 ಕ್ಯಾರಟ್ಟಿಗೆ ಮೀರಕೂಡದೆಂದು ವಿಧಿಸಲಾಯಿತು. 22 ಕ್ಯಾರಟ್ಟಿನ ಮೃದುವಾದ ಲೋಹಕ್ಕೆ ಪಳಗಿದ ಕೈಗೆ ಆ ಗಡಸು ಮಿಶ್ರಣವು ಒಗ್ಗಲಿಲ್ಲ. ಕೊಳ್ಳುವವರಿಗೂ ಅದು ರುಚಿಸಲಿಲ್ಲ. ಸಹಸ್ರಾರು ಕುಟುಂಬಗಳ ಒಲೆ ಆರಿತು. ಕೆಲವು ಅಕ್ಕಸಾಲೆಗಳು ಪ್ರಾಣವನ್ನೇ ಕಳೆದುಕೊಂಡ ಸಂಗತಿಯು ಲೋಕಸಭೆಯ ಚರ್ಚೆಗೂ ಬಂದಿತು. 1966ರಲ್ಲಿ 14 ಕ್ಯಾರಟ್ಟಿನ ಕಟ್ಟು ಸಡಿಲಿತು. ಅಪ್ಪಣೆಯ ಕಟ್ಟು ಸಡಿಲಲಿಲ್ಲ. 1968ರ ಚಿನ್ನ ಹತೋಟಿಯ ಕಾಯಿದೆಯಂತೆ ವ್ಯಾಪಾರಿಗೆ ಲೈಸೆನ್ಸೂ ಕೆಲಸಗಾರನಿಗೆ ಸರ್ಟಿಫಿಕೇಟೂ ಅವಶ್ಯಕವಾದುವು. ಅಕ್ಕಸಾಲೆಯು ತನ್ನಲ್ಲಿರಿಸಿಕೊಳ್ಳಬಹುದಾದ ಚಿನ್ನಕ್ಕೂ ಮಿತಿ ಬಂದಿತು.

ಈ ಕಾಯಿದೆಯು 1969ರಲ್ಲಿ ಸುಪ್ರೀಂ ಕೋರ್ಟಿನ ವಿಮರ್ಶೆಗೆ ಒಳಪಟ್ಟಿತು. ಅಕ್ಕಸಾಲೆಯದು ಕೈಚಳಕವನ್ನವಲಂಬಿಸಿದ ಕಲೆ, ಅದು ಕೈಗಾರಿಕೆಯಲ್ಲ ಎಂಬುದು ವಾದಿಗಳ ಪಕ್ಷ. ನ್ಯಾಯಾಲಯವು ಇದನ್ನೊಪ್ಪದೆ, ಮಾರಾಟಕ್ಕಾಗಿ ಕ್ರಮಬದ್ಧವಾಗಿ ವಸ್ತುವನ್ನು ತಯಾರಿಸುವುದು ಕೈಗಾರಿಕೆಯೇ ಎಂದು ನಿರ್ಣಯಿಸಿತು. ಆದರೆ ಲೈಸೆನ್ಸು ಕೊಡುವಾಗ 'ಅರ್ಜಿದಾರನ ಯೋಗ್ಯತೆ', 'ನಿರೀಕ್ಷಿತ ಬೇಡಿಕೆ' ಮುಂತಾದುವನ್ನು ನೋಡತಕ್ಕದ್ದೆಂಬ ಮಾತುಗಳು ಅಸ್ಪಷ್ಟವೆಂದೂ, ಅಧಿಕಾರಿಯ ಇಚ್ಛೆಗೆ ಹೆಚ್ಚಿನ ಎಡೆಗೊಡುವುವೆಂದೂ ಬಗೆದು ಕೆಲವು ವಿಧಿಗಳನ್ನು ತೊಡೆದುಹಾಕಿತು. ಹೀಗೆ ಕಸುಬಿಗೆ ಅಪ್ಪಣೆ ಬೇಕೆಂಬುದು ನಿಂತಿತು. ಅಪ್ಪಣೆ ಕೊಡುವವನೂ ನಿಯಮಕ್ಕೆ ಬದ್ಧನೆಂಬುದು ಸ್ಥಿರಪಟ್ಟಿತು. ಕಾಯಿದೆಯು 1990ರಲ್ಲಿ ರದ್ದಾಯಿತು.

ಈ ಇಪ್ಪತ್ತೇಳು ವರ್ಷಗಳಲ್ಲಿ ಶಬ್ದವು ತನ್ನ ಮೂಲಾರ್ಥಕ್ಕೆ ಹಿಂದಿರುಗಿದಂತಾಯಿತು. ಜಗಲಿಯು ಮತ್ತೆ ಅರಸನ ಅಕ್ಷಶಾಲೆಯಾಯಿತು. ಭೇದವೊಂದುಂಟು. ಕೌಟಿಲ್ಯನ ಶಾಲೆಯಲ್ಲಿ ಚಿನ್ನವೂ ಕೆಲಸವೂ ಅರಸನವು. ಆದುದರಿಂದ ಅಲ್ಲಿಯ ಶೋಧನೆಗೆ ಒಡೆತನದ ಆಧಾರವಿದ್ದಿತು. 1963ರ ಜಗಲಿಯಲ್ಲಿ ಚಿನ್ನವು ಗಿರಾಕಿಯದು, ಕೈ ಅಕ್ಕಸಾಲೆಯದು; ರಾಜ್ಯದ್ದೆಂಬುದು ಅಪ್ಪಣೆಯೊಂದೇ. ತೆರೆಯನ್ನು ತೆತ್ತವನು ತನ್ನ ಗಳಿಕೆಯಲ್ಲಿ ಒಂದು ಭಾಗವನ್ನು ಕೊಡುವನು; ಅಪ್ಪಣೆಯನ್ನು ಬೇಡುವವನು ಗಳಿಸುವ ಹಕ್ಕನ್ನೇ ಕೇಳಿಕೊಳ್ಳುವನು. ಮನೆಗಸುಬಿನ ಚರಿತ್ರೆಯನ್ನು ಬರೆಯುವವರು ಈ ಎರಡನ್ನು ಒಂದೆಂದು ಎಣಿಸಲಾಗದು.