ಮುಡುಕುತೊರೆ ಬೆಟ್ಟ ಮತ್ತು ಮರಳಿನ ಲೆಕ್ಕ (ನಮ್ಮ ತಾಲ್ಲೂಕು, ಭಾಗ 5)

ಸೋಮನಾಥಪುರದ ಫೋಟೋ ಹಾಕಿದ್ರೆ ಲೈಕ್ ಒತ್ತಿ ಮುಂದೆ ಹೋಗ್ತೀರಾ ಅಂತ ಗೊತ್ತು. ಅದಕ್ಕೇ ಈ ಸಲ ಕೇಶವ ದೇವಸ್ಥಾನ ಬಿಟ್ಟು, ನಮ್ಮದೇ ಟಿ. ನರಸೀಪುರ ತಾಲ್ಲೂಕಿನ ಇನ್ನೊಂದು ಜಾಗಕ್ಕೆ ಬನ್ನಿ. ತಲಕಾಡಿನ ಪಕ್ಕದ ಮುಡುಕುತೊರೆ ಬೆಟ್ಟ. ಮೊದಲನೇ ಫೋಟೋ ಮಲ್ಲಿಕಾರ್ಜುನಸ್ವಾಮಿ ದೇವಸ್ಥಾನದ ಹತ್ರ ಬಂಡೆ ಮೇಲೆ ನಿಂತು ತೆಗೆದದ್ದು. ಕೆಳಗೆ ಕಾವೇರಿ ಹೇಗೆ ಬಾಗಿದಾಳೆ ನೋಡಿ. ಮುಡುಕು ಅಂದ್ರೆ ತಿರುವು, ತೊರೆ ಅಂದ್ರೆ ಹೊಳೆ. ಹೆಸರು ಬಂದಿದ್ದೇ ಹಾಗೆ.

ಈಗ ಸ್ವೈಪ್ ಮಾಡಿ. ತಲಕಾಡಿನ ಮರಳು. ಒಂದು ಕಾಲಕ್ಕೆ ಗಂಗರ ರಾಜಧಾನಿ. ವಿಷ್ಣುವರ್ಧನ ಚೋಳರನ್ನ ಸೋಲಿಸಿ 1117ರಲ್ಲಿ ಇಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಅಂದ್ರೆ ನಮ್ಮ ಸೋಮನಾಥಪುರದ ಗುಡಿಗಿಂತ (1268) ನೂರೈವತ್ತು ವರ್ಷ ಹಳೇದು. ಆಮೇಲೆ ಅದೂ ಮರಳಲ್ಲಿ ಹೂತು ಹೋಯ್ತು.

ಯಾಕೆ ಅಂತ ಕೇಳಿದ್ರೆ ನಮ್ಮಜ್ಜಿ ಹೇಳೋದು ಒಂದೇ ಮಾತು: ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ ಮೇಲೆ, ಅವಳ ಒಡವೆಗೆ ಜನ ಕಳಿಸಿದ್ರಂತೆ. ಅವಳು ಶಾಪ ಹಾಕಿ ಮಾಲಂಗಿ ಹತ್ರ ಹೊಳೆಗೆ ಹಾರಿದಳಂತೆ. ಈ ಕಥೆ ನಿಮಗೂ ಗೊತ್ತಿರುತ್ತೆ.

ಆದ್ರೆ ಬೆಟ್ಟದ ಸುತ್ತಮುತ್ತ ಇನ್ನೊಂದು ಸಾಕ್ಷಿ ಇದೆ. ತಲಕಾಡಿಗಿಂತ ಮೇಲೆ, ಹೆಮ್ಮಿಗೆ ಬಳಿ ಕಾವೇರಿಗೆ ಅಡ್ಡ ಕಟ್ಟಿರೋ ಮಾಧವಮಂತ್ರಿ ಅಣೆಕಟ್ಟೆ. ವಿಜಯನಗರದ ಕಾಲದ್ದು, ಶಾಪಕ್ಕಿಂತ ಎಷ್ಟೋ ಮೊದಲಿನದು. ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಅವರ ವಾದ ಏನಂದ್ರೆ, ಕಟ್ಟೆಯಿಂದ ಕೆಳಗೆ ನೀರು ಕಮ್ಮಿಯಾಗಿ ಹೊಳೆಯ ಮರಳು ಒಣಗಿ ಬಯಲಾಯ್ತು, ಗಾಳಿ ಅದನ್ನ ಹೊತ್ತು ಊರಿನ ಮೇಲೆ ಸುರೀತು.

ಬಿಕಾಂ ಓದೋಳಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕಟ್ಟೆಯ ಖರ್ಚನ್ನ ಒಬ್ಬ ಹೆಂಗಸಿನ ಖಾತೆಗೆ ಬರೆದುಬಿಟ್ರು! ಲಾಭ ಎಲ್ಲಿ ಹೋಯ್ತು ಅಂತ ಹುಡುಕಿದ್ರೆ ನಮ್ಮ ಮನೇಲೇ ಸಿಕ್ತು. ನಮ್ಮ ತಾತನ ಗದ್ದೆಗೆ ಬರೋದು ಆ ಕಟ್ಟೆಯ ನಾಲೆ ನೀರೇ. ನನ್ನ ಕಾಲೇಜು ಫೀಸು ಕಟ್ಟಿದ್ದು ಆ ಭತ್ತ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಕಟ್ಟೆ ಇರ್ಲಿ ಕಣವ್ವ, ಆ ಹೆಣ್ಮಗಳ ಒಡವೆಗೆ ಕೈ ಹಾಕಕ್ಕೆ ಓಗಿದ್ದು ಸುಳ್ಳಾ?" ಅಂದ್ರು. ನನ್ ಹತ್ರ ಉತ್ತರ ಇರ್ಲಿಲ್ಲ.

ಹೋಗೋರು ಬೆಳಿಗ್ಗೆ ಬೇಗ ಹತ್ತಿ, ಹತ್ತು ಗಂಟೆಗೆಲ್ಲ ಬಂಡೆ ಕಾದುಬಿಡುತ್ತೆ. ಮೇಲೆ ರೀಲ್ಸ್ ಎಷ್ಟು ಬೇಕಾದ್ರೂ ಮಾಡಿ, ಕೆಳಗೆ ತಲಕಾಡಿನ ಹೊಳೆಗೆ ಮಾತ್ರ ಇಳೀಬೇಡಿ. ಅಲ್ಲಿ ಸುಳಿ ಇದೆ.